ಡಾಲ್ಫಿನ್ ತಿರುವಿಗೆ ಬಿದ್ದಾಗ ಭಾರ ಎಲ್ಲಿಗೆ ಹೋಗುತ್ತೆ?

ಮಾರುತಿ 800 ಬರೋದಕ್ಕೂ ಮುಂಚೆ, 1982ರಲ್ಲಿ, ನಮ್ಮ ಬೆಂಗಳೂರಲ್ಲೇ ಒಂದು ಪುಟ್ಟ ಕಾರು ತಯಾರಾಯಿತು: ಸಿಪಾನಿ ಡಾಲ್ಫಿನ್. ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಿಟನ್‌ದು, ಬಾಡಿ ಫೈಬರ್‌ಗ್ಲಾಸ್, ಎಂಜಿನ್ 848 ಸಿಸಿ. ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೆ ಹಗುರವಾಗಿದ್ದರಿಂದ ರ‍್ಯಾಲಿಯವರಿಗೂ ಮದ್ರಾಸ್ ಹತ್ತಿರದ ಶೋಳಾವರಂ ರೇಸಿನವರಿಗೂ ಇಷ್ಟವಾಯಿತು. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್, ಎಳೆಯುವ ಶಕ್ತಿ ಹಿಂದಿನ ಚಕ್ರಕ್ಕೆ. ಹಳೇ ರೇಸ್ ಕಾರುಗಳ ಸಸ್ಪೆನ್ಷನ್ ಕಲಿಯೋಕೆ ಇದು ಒಳ್ಳೇ ಉದಾಹರಣೆ.

ಕೆಂಗೇರಿ ಬಸ್ಸು ತಿರುಗುವಾಗ ನಿಂತವರೆಲ್ಲ ಹೊರಗಡೆಗೆ ವಾಲುತ್ತಾರಲ್ವಾ? ಕಾರಿನ ಭಾರವೂ ಹಾಗೇ ಒಳಗಿನ ಚಕ್ರದಿಂದ ಹೊರಗಿನದಕ್ಕೆ ಹೋಗುತ್ತದೆ. ಎಷ್ಟು? ತೂಕ, ಪಕ್ಕದ ವೇಗೋತ್ಕರ್ಷ (ಜಿ ಲೆಕ್ಕದಲ್ಲಿ), ಗುರುತ್ವ ಕೇಂದ್ರದ ಎತ್ತರ ಇವನ್ನು ಗುಣಿಸಿ, ಎಡ-ಬಲ ಚಕ್ರಗಳ ಅಂತರದಿಂದ ಭಾಗಿಸಿ. ಡ್ರೈವರ್ ಸೇರಿ 600 ಕೆಜಿ, 0.8 ಜಿ, ಎತ್ತರ 0.45 ಮೀಟರ್, ಅಂತರ 1.2 ಮೀಟರ್ ಎಂದಿಟ್ಟುಕೊಂಡರೆ 180 ಕೆಜಿ.

ಗಮನಿಸಿ, ಈ ಸೂತ್ರದಲ್ಲಿ ಸ್ಪ್ರಿಂಗೂ ಇಲ್ಲ, ಆ್ಯಂಟಿ ರೋಲ್ ಬಾರೂ ಇಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ಕಡಿಮೆ ವಾಲುತ್ತದೆ, ಆದರೆ 180 ಕೆಜಿ ಹಾಗೇ ಇರುತ್ತದೆ. ನಮ್ಮ ಕೈಲಿರೋದು ಅದನ್ನು ಮುಂದೆ-ಹಿಂದೆ ಹಂಚೋದು ಮಾತ್ರ. ಯಾವ ಕಡೆ ಗಟ್ಟಿಯೋ ಆ ಕಡೆಗೆ ಹೆಚ್ಚು ಪಾಲು.

ಹಂಚಿಕೆ ಯಾಕೆ ಮುಖ್ಯ? ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗಲ್ಲ. ಲೆಕ್ಕಕ್ಕೆ ಘರ್ಷಣಾಂಕ 1.1ರಿಂದ ಶುರುವಾಗಿ ಪ್ರತಿ 100 ಕೆಜಿಗೆ 0.1 ಇಳಿಯುತ್ತದೆ ಅನ್ನೋಣ. ನಿಂತಾಗ ಪ್ರತಿ ಚಕ್ರದ ಮೇಲೆ 150 ಕೆಜಿ. ಹಿಂದೆ ಗಟ್ಟಿ ಮಾಡಿ 180ರಲ್ಲಿ 110 ಹಿಂದಕ್ಕೆ, 70 ಮುಂದಕ್ಕೆ ಕೊಟ್ಟರೆ:

ಮುಂದೆ: 220 ಮತ್ತು 80 ಕೆಜಿ, ಒಟ್ಟು ಹಿಡಿತ ಸುಮಾರು 275.
ಹಿಂದೆ: 260 ಮತ್ತು 40 ಕೆಜಿ, ಒಟ್ಟು ಹಿಡಿತ ಸುಮಾರು 261.

ಹಿಂಭಾಗ ಮೊದಲು ಜಾರುತ್ತದೆ, ಅದೇ ಓವರ್‌ಸ್ಟಿಯರ್. ಇನ್ನೊಂದು ತೊಂದರೆಯೂ ಇದೆ. ಹಿಂದಿನ ಒಳ ಚಕ್ರದ ಮೇಲೆ ಉಳಿದದ್ದು ಬರೀ 40 ಕೆಜಿ. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಅದು ಸುಮ್ಮನೆ ಸುತ್ತುತ್ತದೆ, ಕಾರು ಮುಂದೆ ಹೋಗಲ್ಲ. ಅದಕ್ಕೇ ಇಂಥ ಕಾರಿಗೆ ಸಾಮಾನ್ಯವಾಗಿ ಬಾರ್ ಅನ್ನು ಮುಂದೆ ದಪ್ಪ ಮಾಡಿ, ಹಿಂದೆ ಮೆತ್ತಗೆ ಬಿಡುತ್ತಾರೆ. ಅತಿಯಾದರೆ ಮೂತಿ ತಿರುಗದೆ ನೇರಕ್ಕೆ ಹೋಗುವ ಅಂಡರ್‌ಸ್ಟಿಯರ್ ಬರುತ್ತದೆ. ಸ್ಪಿನ್ ಆಗೋದಕ್ಕಿಂತ ಅದನ್ನು ಸಂಭಾಳಿಸೋದು ಸುಲಭ.

ಸ್ಟೈಲಿಗೆ ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವವರು ಇದನ್ನು ಓದಲೇಬೇಕು. ಎತ್ತರ ಇಳಿದರೆ ಭಾರ ವರ್ಗಾವಣೆ ಕಡಿಮೆಯಾಗುತ್ತೆ, ನಿಜ. ಆದರೆ ತಿರುವಿನ ಮಧ್ಯೆ ಆಕ್ಸಲ್ ಬಂಪ್ ಸ್ಟಾಪಿಗೆ ಬಡಿದರೆ ಆ ಕಡೆ ಇದ್ದಕ್ಕಿದ್ದಂತೆ ಕಲ್ಲಿನಷ್ಟು ಗಟ್ಟಿ. ಅದು ಹಿಂದಿನ ಆಕ್ಸಲ್ ಆದರೆ ಮೇಲಿನ ಲೆಕ್ಕ ಒಂದೇ ಕ್ಷಣದಲ್ಲಿ ನಡೆದುಹೋಗುತ್ತದೆ, ಡ್ರೈವರ್‌ಗೆ ಸೂಚನೆಯೇ ಇರಲ್ಲ.

ಹಳೇ ಕಾರು ಸೆಟಪ್ ಮಾಡುವಾಗ ಕ್ರಮ ಹೀಗಿರಲಿ. ಮೊದಲು ಸವೆದ ಬುಷ್, ಸಡಿಲ ಸ್ಟಿಯರಿಂಗ್ ಜಾಯಿಂಟ್, ಲೀಫ್ ಸ್ಪ್ರಿಂಗಿನ ಯು ಬೋಲ್ಟ್ ಸರಿಮಾಡಿ. ಇವು ಅಲ್ಲಾಡುತ್ತಿದ್ದರೆ ಮಿಕ್ಕ ಲೆಕ್ಕವೆಲ್ಲ ಸುಳ್ಳು. ಆಮೇಲೆ ಟೈರ್ ಗಾಳಿ. ನಂತರ ಬಾರ್, ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಕೊನೆಗೆ. ಕಾರು ತಿರುವಿಗೆ ಇಳಿಯುವಾಗ, ಹೊರಬರುವಾಗ ಅದರ ಕೆಲಸ, ವಾಲಿ ಸ್ಥಿರವಾದ ಮೇಲೆ ಹಂಚಿಕೆಯಲ್ಲಿ ಅದಕ್ಕೆ ಪಾಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಯಾರೂ ಹೇಳಲಾರರು.