ಕೆಂಪು ಬಲ್ಬು ಹಾಕಿದರೆ ಟರ್ಕಿ ಹೆಚ್ಚು ಮೊಟ್ಟೆ ಇಡುತ್ತದೆಯೇ?

ಪ್ರಶ್ನೆ: ನಾವಿರುವುದು ತಮಿಳುನಾಡಿನ ನಿಲಕ್ಕೋಟ್ಟೈ ಪಕ್ಕದ ಹಳ್ಳಿಯಲ್ಲಿ, ಮನೆಮಾತು ಕನ್ನಡ. ಹೂದೋಟದ ಮಗ್ಗುಲಿಗೆ ಒಂದಷ್ಟು ಟರ್ಕಿ ಕೋಳಿ ಸಾಕಿದ್ದೇವೆ. ಶೆಡ್ಡಿಗೆ ಕೆಂಪು ಬಲ್ಬು ಹಾಕಿದರೆ ಮೊಟ್ಟೆ ಹೆಚ್ಚುತ್ತದೆ ಎಂದು ಒಬ್ಬರು, ಹಸಿರು ಹಾಕಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಕೆಂಪು ಎಂದವರ ಮಾತಿನಲ್ಲಿ ಹುರುಳಿದೆ. ಆದರೆ ಬಲ್ಬಿನ ಬಣ್ಣ ಎರಡನೆಯದು; ಅದು ಎಷ್ಟು ಹೊತ್ತು ಉರಿಯುತ್ತದೆ ಎಂಬುದು ಮೊದಲನೆಯದು.

ಹಕ್ಕಿಗೆ ಮೊಟ್ಟೆಯ ಕಾಲ ಬಂತೆಂದು ತಿಳಿಯುವುದು ಮುಖ್ಯವಾಗಿ ಕಣ್ಣಿನಿಂದಲ್ಲ. ಇದನ್ನು ಮೊದಲು ತೋರಿಸಿದವರು ಫ್ರಾನ್ಸಿನ ಝಾಕ್ ಬೆನ್ವಾ. 1930ರ ದಶಕದಲ್ಲಿ ಅವರು ನೋಡಿದ ಕುರುಡು ಬಾತುಗಳೂ ಬೆಳಕಿನ ಅವಧಿ ಹೆಚ್ಚಿದಾಗ ಬೆದೆಗೆ ಬಂದವು. ಮುಂದೆ ಅಮೆರಿಕದ ಮೈಕೆಲ್ ಮೆನಾಕರ್ ಗುಬ್ಬಚ್ಚಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಸೊಗಸಾಗಿದೆ. ನೆತ್ತಿಯ ಗರಿ ಕಿತ್ತರೆ ಬೆಳಕಿನ ಪರಿಣಾಮ ಹೆಚ್ಚಾಯಿತು, ನೆತ್ತಿಯ ಚರ್ಮದಡಿ ಕಪ್ಪು ಶಾಯಿ ಚುಚ್ಚಿದರೆ ಕಡಿಮೆಯಾಯಿತು. ಅಂದರೆ ಬೆಳಕು ತಲೆಬುರುಡೆಯನ್ನು ತೂರಿ ಒಳಗೆ ಇಳಿಯುತ್ತಿತ್ತು. ಮಿದುಳಿನ ಅಡಿಭಾಗದ ಹೈಪೋಥಲಾಮಸ್‌ನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿವೆ. ಅಂಡಾಶಯವನ್ನು ಎಬ್ಬಿಸುವ ಹಾರ್ಮೋನುಗಳ ಸರಣಿ ಶುರುವಾಗುವುದು ಅಲ್ಲಿಂದ. ನೀಲಿ, ಹಸಿರು ಬೆಳಕನ್ನು ರಕ್ತ ಮತ್ತು ಚರ್ಮ ದಾರಿಯಲ್ಲೇ ಹೀರಿಕೊಳ್ಳುತ್ತವೆ. ಕೆಂಪು ಅವಕ್ಕಿಂತ ಹೆಚ್ಚು ಒಳಗೆ ಇಳಿಯುತ್ತದೆ. ಕೆಂಪಿನ ಹೆಚ್ಚುಗಾರಿಕೆ ಇಷ್ಟೇ.

ಹಸಿರಿನ ಸಲಹೆ ಬಹುಶಃ ಮಾಂಸದ ಕೋಳಿ ಸಾಕುವವರ ಕಡೆಯಿಂದ ಬಂದಿರಬೇಕು. ಮರಿಗಳ ಬೆಳವಣಿಗೆಗೆ ಹಸಿರು, ನೀಲಿ ಒಳ್ಳೆಯದೆನ್ನುವ ಸಂಶೋಧನೆಗಳಿವೆ. ಮೊಟ್ಟೆಗೆ ಮಾತ್ರ ಅದು ಹಿನ್ನಡೆ. ಕಣ್ಣಿನ ಮೂಲಕ ಒಳಹೋಗುವ ಹಸಿರು ಬೆಳಕು ಸಂತಾನಕ್ರಿಯೆಗೆ ಕಡಿವಾಣ ಹಾಕುತ್ತದೆಂದು ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ರೋಜೆನ್‌ಬಾಯ್ಮ್ ಮತ್ತು ಸಂಗಡಿಗರು ತೋರಿಸಿದ್ದಾರೆ.

ಇನ್ನು ಹೊತ್ತಿನ ವಿಚಾರ. ಟರ್ಕಿಯ ತವರು ಉತ್ತರ ಅಮೆರಿಕ. ಅಲ್ಲಿ ವಸಂತದಲ್ಲಿ ಹಗಲು ದಿನದಿನಕ್ಕೂ ಎದ್ದು ಕಾಣುವಷ್ಟು ಬೆಳೆಯುತ್ತದೆ. ನಿಮ್ಮೂರು ಇರುವುದು ಸುಮಾರು 10 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಅತಿ ದೊಡ್ಡ ಹಗಲು ಹನ್ನೆರಡೂವರೆ ಗಂಟೆ ಚಿಲ್ಲರೆ, ಅತಿ ಚಿಕ್ಕದು ಹನ್ನೊಂದೂವರೆ. ಮೊಟ್ಟೆಯಿಡುವ ಟರ್ಕಿಗೆ ಬೇಕಾದದ್ದು 14 ಗಂಟೆಗೆ ಮೇಲ್ಪಟ್ಟ ಬೆಳಕು. ಉಳಿದದ್ದನ್ನು ಬಲ್ಬು ತುಂಬಬೇಕು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಸೇವಂತಿಗೆ ಹೊಲಕ್ಕೆ ದೀಪ ಕಟ್ಟುವುದನ್ನು ಹೂವಿನ ವ್ಯಾಪಾರದವರಿಂದ ನೀವು ಕೇಳಿರಬಹುದು. ಅಲ್ಲಿ ಉದ್ದೇಶ ತಿರುವುಮುರುವು: ಸೇವಂತಿಗೆಗೆ ಬೆಳಕು ಹೆಚ್ಚಾದರೆ ಹೂ ತಡವಾಗುತ್ತದೆ.

ದೀಪವನ್ನು ಸಂಜೆಗಿಂತ ಬೆಳಗಿನ ಜಾವ ಹಾಕುವುದು ವಾಸಿ. ನಾಲ್ಕು ಗಂಟೆಗೆ ಹೊತ್ತಿಸಿದರೆ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ 14 ಗಂಟೆ ಆಗಿರುತ್ತದೆ, ಕೋಳಿಗಳೂ ಮಬ್ಬುಗತ್ತಲಲ್ಲಿ ತಾವಾಗಿ ಹೋಗಿ ಕೂರುತ್ತವೆ. ಟೈಮರ್ ಕೊಳ್ಳುವುದಾದರೆ ಬ್ಯಾಟರಿ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ಅದರ ಗಂಟೆ ತಪ್ಪುತ್ತದೆ. ಮೊಟ್ಟೆ ಶುರುವಾದ ಮೇಲೆ ಹೊತ್ತನ್ನು ಕಡಿಮೆ ಮಾಡಲೇಬೇಡಿ. ಇನ್ನೂ ಮೊಟ್ಟೆಗೆ ಬರದ ಎಳೆ ಹೇಂಟೆಗಳ ಶೆಡ್ಡಿಗೆ ಮಾತ್ರ ರಾತ್ರಿ ದೀಪ ಬೇಡ. ಮೊದಲು ಕೆಲವು ವಾರ ಚಿಕ್ಕ ಹಗಲು ಕಂಡಿದ್ದರೇನೇ ದೊಡ್ಡ ಹಗಲು ಅವುಗಳಿಗೆ ನಾಟುತ್ತದೆ. ದೊಡ್ಡ ಫಾರಂಗಳಲ್ಲಿ ಇದಕ್ಕೆಂದೇ ಕತ್ತಲೆ ಶೆಡ್ಡು ಕಟ್ಟುತ್ತಾರೆ.

ಅಂಗಡಿಯಲ್ಲಿ ಕೆಂಪು ಬಲ್ಬು ಕೇಳಿದರೆ ಝೀರೋ ವ್ಯಾಟಿನದನ್ನು ಕೊಡುತ್ತಾರೆ. ದೇವರ ಪಟಕ್ಕೆ ಅದು ಸಾಕು, ಟರ್ಕಿಗೆ ಸಾಲದು. ಕೋಳಿಯ ತಲೆಯ ಮಟ್ಟದಲ್ಲಿ ನೀವು ಪತ್ರಿಕೆ ಓದುವಷ್ಟು ಬೆಳಕಿರಲಿ. ನನ್ನನ್ನು ಕೇಳಿದರೆ ಕೆಂಪು ಬಲ್ಬೇ ಬೇಡ. ಹಳದಿ ಛಾಯೆಯ ವಾರ್ಮ್ ವೈಟ್ ಎಲ್ಇಡಿಯಲ್ಲಿ ಬೇಕಾದಷ್ಟು ಕೆಂಪು ಇದೆ, ಕೆಲಸ ಮಾಡುವವರ ಕಣ್ಣಿಗೂ ಹಿತ. ನಮ್ಮ ಮನೆಗಳಲ್ಲಿ ಉರಿಯುವ ಅಚ್ಚ ಬಿಳಿ ಎಲ್ಇಡಿಯಲ್ಲಿ ನೀಲಿಯ ಪಾಲು ಹೆಚ್ಚು.

ತಳಿಯೂ ಲೆಕ್ಕಕ್ಕೆ ಬರುತ್ತದೆ. ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ನಂದನಂ ಟರ್ಕಿ–1, ಅಲ್ಲಿನ ಕಪ್ಪು ನಾಟಿ ಟರ್ಕಿಗೆ ಬೆಲ್ಟ್ಸ್‌ವಿಲ್ ಬಿಳಿ ತಳಿಯನ್ನು ಕೂಡಿಸಿ ಪಡೆದದ್ದು, ಆ ಸೆಕೆಗೆ ಒಗ್ಗಿದ್ದು. ಟರ್ಕಿ ಹೇಂಟೆ ಸುಮಾರು 30 ವಾರಕ್ಕೆ ಮೊಟ್ಟೆಗೆ ಬರುತ್ತದೆ. ಒಳ್ಳೆಯ ಮೇವು, ದೀಪ ಎರಡೂ ಇದ್ದರೆ ವರ್ಷಕ್ಕೆ 60ರಿಂದ 100 ಮೊಟ್ಟೆ.

ಇಷ್ಟೆಲ್ಲ ಮಾಡಿಯೂ ಮೊಟ್ಟೆ ನಿಂತರೆ ಬಲ್ಬನ್ನು ಬಯ್ಯುವ ಮೊದಲು ಮೂಲೆಯ ಗೂಡುಗಳನ್ನು ನೋಡಿ. ಟರ್ಕಿಗೆ ಕಾವಿಗೆ ಕೂರುವ ಚಟ ಬಲು ಜೋರು. ಒಮ್ಮೆ ಕೂತಿತೆಂದರೆ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿ ಅಂಡಾಶಯ ಕುಗ್ಗುತ್ತದೆ, ಆಗ ಯಾವ ಬಣ್ಣದ ಬೆಳಕೂ ನಡೆಯುವುದಿಲ್ಲ. ಅಂಥದ್ದನ್ನು ಗೂಡಿಲ್ಲದ, ಚೆನ್ನಾಗಿ ಬೆಳಕಿರುವ ಬೇರೆ ಜಾಗಕ್ಕೆ ಕೆಲವು ದಿನ ಹಾಕಿಡಿ. ಟರ್ಕಿ ಹೆಚ್ಚಾಗಿ ಮೊಟ್ಟೆಯಿಡುವುದು ಮಧ್ಯಾಹ್ನದ ಮೇಲೆ. ಆದ್ದರಿಂದ ಬೆಳಿಗ್ಗೆ ಒಮ್ಮೆ ಗೂಡು ನೋಡಿ ಸುಮ್ಮನಾಗದೆ ಮಧ್ಯಾಹ್ನ, ಸಂಜೆಯೂ ಮೊಟ್ಟೆ ಎತ್ತಿ. ಗೂಡಿನಲ್ಲಿ ಮೊಟ್ಟೆ ಉಳಿದಷ್ಟೂ ಕಾವಿನ ಆಸೆ ಬಲಿಯುತ್ತದೆ.