ಗ್ರಾಹಕರ ತೃಪ್ತಿಗೆ ಅಳತೆಗೋಲು

ಕಾಫಿ ಮಂಡಳಿಯ ಪೂಲ್ ಇದ್ದಷ್ಟು ಕಾಲ ಬೀಜವನ್ನು ಒಪ್ಪಿಸಿದರೆ ಬೆಳೆಗಾರನ ಕೆಲಸ ಮುಗಿಯುತ್ತಿತ್ತು. ಕುಡಿದವನು ಮೆಚ್ಚಿದನೋ ಬಿಟ್ಟನೋ ನಮಗೆ ತಿಳಿಯುತ್ತಿರಲಿಲ್ಲ. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿಯಾಗಿ ನಿಂತಿತು. ಈಗ ತಾವೇ ಪುಡಿ ಮಾಡಿಸಿ ಮಾರುವ ಬೆಳೆಗಾರರಿಗೆ ಕೊಂಡವರ ತೃಪ್ತಿಯನ್ನು ಅಳೆಯುವ ಕ್ರಮವೂ ಗೊತ್ತಿರಬೇಕು.

ಸ್ವೀಡನ್ ದೇಶದಲ್ಲಿ 1989ರಲ್ಲಿ ಇಂಥ ಅಳತೆ ದೇಶವ್ಯಾಪಿಯಾಗಿ ಆರಂಭವಾಯಿತು. ಅದನ್ನು ರೂಪಿಸಿದ ಕ್ಲೇಸ್ ಫೋರ್ನೆಲ್ ಅವರೇ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದು 1994ರಲ್ಲಿ ಅಮೆರಿಕದ ಸೂಚ್ಯಂಕವನ್ನು ಹೊರತಂದರು. ಅದರ ತಿರುಳು ಮೂರು ಪ್ರಶ್ನೆಗಳು. ಒಟ್ಟಿನಲ್ಲಿ ಎಷ್ಟು ತೃಪ್ತಿಯಾಯಿತು? ನಿರೀಕ್ಷಿಸಿದ್ದಕ್ಕೆ ಎಷ್ಟು ಸಮನಾಗಿತ್ತು? ನಿಮ್ಮ ಮನಸ್ಸಿನಲ್ಲಿರುವ ಅತ್ಯುತ್ತಮ ವಸ್ತುವಿಗೆ ಎಷ್ಟು ಹತ್ತಿರ? ಪ್ರತಿಯೊಂದಕ್ಕೂ 1ರಿಂದ 10ರವರೆಗೆ ಅಂಕ. ಅವರ ಲೆಕ್ಕದಲ್ಲಿ ಪ್ರಶ್ನೆಗಳಿಗೆ ಬೇರೆ ಬೇರೆ ತೂಕವುಂಟು. ನಮಗೆ ಸರಾಸರಿ ಸಾಕು. 8, 6, 7 ಬಂದರೆ ಸರಾಸರಿ 7. ಅದರಲ್ಲಿ 1 ಕಳೆದು, 9ರಿಂದ ಭಾಗಿಸಿ, 100ರಿಂದ ಗುಣಿಸಿದರೆ ನೂರಕ್ಕೆ ಸುಮಾರು 67.

ತೊಡಕು ಬರುವುದು ಹೋಲಿಕೆಯಲ್ಲಿ. ಹೊಸಪೇಟೆ ಸೀಮೆಯನ್ನೇ ತೆಗೆದುಕೊಳ್ಳಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಗೆ ನಾನಾ ದೇಶದವರು ಬರುತ್ತಾರೆ. ಒಂದೇ ಪುಡಿಯ ಕಾಫಿಯನ್ನು ಅಲ್ಲಿ ಜಪಾನಿನವರಿಗೂ ಬ್ರೆಜಿಲಿನವರಿಗೂ, ಸಂಡೂರಿನ ಗಣಿ ಕೆಲಸಗಾರರಿಗೂ, ಕಂಪ್ಲಿಯ ಭತ್ತದ ರೈತರಿಗೂ ಕೊಟ್ಟೆವೆನ್ನಿ. ಜಪಾನಿನವರು ಸಾಮಾನ್ಯವಾಗಿ ನಡುವಣ ಅಂಕವನ್ನೂ ಲ್ಯಾಟಿನ್ ಅಮೆರಿಕದವರು ತುದಿಯ ಅಂಕವನ್ನೂ ಕೊಡುವುದು ಹೆಚ್ಚೆಂದು ಸಮೀಕ್ಷೆ ನಡೆಸುವವರು ಕಂಡಿದ್ದಾರೆ. ನಮ್ಮವರೋ, ಲೋಟ ಕೊಟ್ಟವನ ಮುಖ ನೋಡಿ "ಚಲೋ ಐತ್ರಿ" ಎಂದುಬಿಡುತ್ತಾರೆ! ಬೇರೆ ಬೇರೆ ಸೇರಿನಲ್ಲಿ ಅಳೆದ ಭತ್ತದಂತಾಯಿತು ಈ ಲೆಕ್ಕ. ಬ್ರೆಜಿಲಿನವರ 9, ಜಪಾನಿನವರ 6 ನೋಡಿ ಹುರಿಯುವ ಹದವನ್ನು ಬದಲಿಸಿದರೆ ನಷ್ಟ ನಮ್ಮದೇ.

ಇದಕ್ಕೆ ಉಪಾಯವೆಂದರೆ ಒಬ್ಬರಿಗೇ ಎರಡು ಲೋಟ ಕೊಡುವುದು. ಒಂದು ನಮ್ಮದು, ಇನ್ನೊಂದು ಪೇಟೆಯಲ್ಲಿ ಓಡುವ ಬೇರೆ ಕಂಪನಿಯದು. ಹೆಸರು ಹೇಳಬಾರದು, ಯಾವುದು ಮೊದಲು ಎಂಬುದನ್ನು ಬದಲಿಸುತ್ತಿರಬೇಕು, ಕೇಳುವವನು ಮಾರುವವನಾಗಿರಬಾರದು. ಚಿಕೋರಿ ಬೆರೆತ ಪುಡಿಗೆ ಅಷ್ಟೇ ಚಿಕೋರಿ ಬೆರೆತದ್ದೇ ಜೋಡಿಯಾಗಬೇಕು. ಎರಡು ಅಂಕಗಳ ನಡುವಣ ವ್ಯತ್ಯಾಸವನ್ನು ಮಾತ್ರ ಬರೆದುಕೊಳ್ಳಿ. ಧಾರಾಳಿಯ 9 ಮತ್ತು 8, ಬಿಗಿ ಕೈಯವನ 6 ಮತ್ತು 5, ಎರಡರಲ್ಲೂ ನಾವು ಒಂದಂಕ ಮುಂದೆ.

ಅಡಿಕೆಯ ಮಾತು ಬೇರೆ. ಅಲ್ಲಿ ನಮ್ಮೆದುರಿಗಿರುವ ಗ್ರಾಹಕ ಚೀಲ ಬಿಚ್ಚಿ ನೋಡುವ ವ್ಯಾಪಾರಿ. ಬಣ್ಣ, ಒಣಗು, ಗಾತ್ರ ಇವಕ್ಕೆ ಬೇರೆ ಬೇರೆ ಅಂಕ ಕೇಳಬೇಕು.

ಹಂಪಿಯ ಪ್ರವಾಸಿ ಅಂಕ ಕೊಟ್ಟು ಊರಿಗೆ ಹೋಗುತ್ತಾನೆ. ಅವನ ಮಾತನ್ನು ಪರೀಕ್ಷಿಸುವಂತಿಲ್ಲ. ಕಂಪ್ಲಿಯ ಮನೆಯವರು ಮುಂದಿನ ತಿಂಗಳೂ ಅಂಗಡಿಗೆ ಬರಬೇಕು. ಮೊದಲ ತಿಂಗಳು ಕೊಂಡವರಲ್ಲಿ ಮೂರನೆಯ ತಿಂಗಳು ಯಾರು ಬರಲಿಲ್ಲವೆಂಬುದನ್ನು ಅಂಗಡಿಯ ಪುಸ್ತಕದಿಂದ ಗುರುತಿಸಿ, ಅವರ ಮನೆಗೆ ಹೋಗಿ ಅವೇ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು.