ಮೊಬೈಲಿನಲ್ಲಿ ಫೋಟೊ: ಹಿರಿಯರು ಶುರು ಮಾಡುವುದು ಹೀಗೆ

ರೀಲಿನ ಕಾಲ ಕಂಡವರಿಗೆ ಗುಂಡಿ ಒತ್ತಲು ಈಗಲೂ ಕೈ ಹಿಂಜರಿಯುತ್ತದೆ. ಒಂದು ರೀಲಿಗೆ 36 ಚಿತ್ರ, ತೊಳೆಸಲು ಬೇರೆ ದುಡ್ಡು, ಹಾಳಾದರೆ ಹೋದಂತೆಯೇ. ಮೊಬೈಲಿನಲ್ಲಿ ಆ ಭಯ ಬೇಕಿಲ್ಲ. ಒಂದೇ ಮುಖವನ್ನು ಹತ್ತು ಸಲ ತೆಗೆದು ಒಂಬತ್ತನ್ನು ಅಳಿಸಬಹುದು. ಹೊಸ ಕ್ಯಾಮೆರಾವನ್ನೂ ಸದ್ಯಕ್ಕೆ ಕೊಳ್ಳಬೇಡಿ. ಚಿತ್ರ ಕೆಡಲು ಹೆಚ್ಚಿನ ಸಲ ಕಾರಣ ಅಗ್ಗದ ಫೋನಲ್ಲ. ಕೊಳೆಯಾದ ಲೆನ್ಸು, ಅಲುಗಿದ ಕೈ, ತಪ್ಪು ದಿಕ್ಕಿನ ಬೆಳಕು.

ಮೊದಲು ಕನ್ನಡಕ ಒರೆಸುವ ಬಟ್ಟೆಯಿಂದ ಫೋನಿನ ಹಿಂಬದಿಯ ಲೆನ್ಸು ಒರೆಸಿ. ಬೆರಳಿನ ಎಣ್ಣೆಪಸೆ ಕೂತಿದ್ದರೆ ಚಿತ್ರಕ್ಕೆ ಮಂಜು ಕವಿದಂತಾಗುತ್ತದೆ.

ಇನ್ನು ಹಿಡಿಯುವ ಬಗೆ. ಇದನ್ನು ನಿಧಾನವಾಗಿ ರೂಢಿ ಮಾಡಿಕೊಳ್ಳಿ. ಎರಡೂ ಕೈಯಲ್ಲಿ ಫೋನು ಹಿಡಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಗೋಡೆಗೋ ಕಂಬಕ್ಕೋ ಒರಗಿದರೆ ಇನ್ನೂ ವಾಸಿ. ಪರದೆಯ ಮೇಲಿನ ಗುಂಡಿಗೆ ಹೆಬ್ಬೆರಳು ಚಾಚುವಾಗಲೇ ಫೋನು ಅಲುಗುವುದು. ಬದಲಿಗೆ ಬದಿಯಲ್ಲಿರುವ ವಾಲ್ಯೂಮ್ ಬಟನ್ ಒತ್ತಿ ನೋಡಿ, ಬಹುತೇಕ ಫೋನುಗಳಲ್ಲಿ ಅದೂ ಫೋಟೊ ತೆಗೆಯುತ್ತದೆ. ಕೈ ನಡುಗುವವರಿಗಂತೂ ಟೈಮರ್ ದೊಡ್ಡ ಆಸರೆ. 3 ಸೆಕೆಂಡಿಗೆ ಇಟ್ಟರೆ, ಬೆರಳು ತೆಗೆದು ಕೈ ನಿಂತ ಮೇಲೆ ಚಿತ್ರ ಬರುತ್ತದೆ. 10 ಸೆಕೆಂಡಿಗೆ ಇಟ್ಟು ಫೋನನ್ನು ಮೇಜಿನ ಮೇಲೆ ಏನಕ್ಕಾದರೂ ಆನಿಸಿದರೆ ನೀವೂ ಹೋಗಿ ಎಲ್ಲರ ಜೊತೆ ನಿಲ್ಲಬಹುದು. ದಯವಿಟ್ಟು ನಿಲ್ಲಿ. ಎಷ್ಟೋ ಮನೆಗಳ ಆಲ್ಬಂನಲ್ಲಿ ಫೋಟೊ ತೆಗೆದವರ ಮುಖವೇ ಇರುವುದಿಲ್ಲ.

ಕಿಟಕಿಗೆ ಬೆನ್ನು ಮಾಡಿ ಕೂತ ಮೊಮ್ಮಗಳ ಮುಖ ಕಪ್ಪಾಗಿ ಬೀಳುತ್ತದೆ. ಅವಳನ್ನು ಕಿಟಕಿಯತ್ತ ತಿರುಗಿಸಿ ಕೂರಿಸಿ, ನೀವು ಕಿಟಕಿಯ ಪಕ್ಕಕ್ಕೆ ಬನ್ನಿ. ಪರದೆಯಲ್ಲಿ ಅವಳ ಮುಖವನ್ನು ಒಮ್ಮೆ ಮುಟ್ಟಿದರೆ ಫೋಕಸ್ ಅಲ್ಲಿಗೇ ಬರುತ್ತದೆ; ಹಲವು ಫೋನುಗಳಲ್ಲಿ ಆಗ ಮೂಡುವ ಪುಟ್ಟ ಸೂರ್ಯನ ಗುರುತನ್ನು ಜಾರಿಸಿ ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಹೊರಗಾದರೆ ಬೆಳಗಿನ ಎಳೆಬಿಸಿಲು, ಸಂಜೆಯ ಇಳಿಬಿಸಿಲು ಒಳ್ಳೆಯದು. ಎರಡು ಬೆರಳಿನಿಂದ ಜೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ.

ಅಭ್ಯಾಸಕ್ಕೆ ಮನೆಯ ಹಳೆಯ ಆಲ್ಬಂಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಬಿಸಿಲು ನೇರ ಬೀಳದ ಕಿಟಕಿಯ ಬಳಿ ಮೇಜಿನ ಮೇಲೆ ಆಲ್ಬಂ ಬಿಡಿಸಿ, ಫ್ಲ್ಯಾಶ್ ಆಫ್ ಮಾಡಿ. ಪ್ಲಾಸ್ಟಿಕ್ ಹಾಳೆ ಹೊಳೆಯುತ್ತದೆ, ಫೋಟೊ ಸಲೀಸಾಗಿ ಬಂದರೆ ಹೊರತೆಗೆಯಿರಿ. ಅಂಟಿಕೊಂಡಿದ್ದರೆ ಕೀಳಬೇಡಿ, ಹೊಳಪು ಮರೆಯಾಗುವವರೆಗೆ ಆಲ್ಬಂ ತಿರುಗಿಸಿ. ಫೋನು ಓರೆಯಾಗದಂತೆ ನೇರ ಮೇಲಿನಿಂದ ತೆಗೆಯಿರಿ. ಫೋಟೊದ ಬೆನ್ನಿಗೆ ಅಪ್ಪನ ಅಕ್ಷರದಲ್ಲಿ ಹೆಸರು, ಊರು, ಇಸವಿ ಬರೆದಿದ್ದರೆ ಅದನ್ನೂ ತೆಗೆಯಲೇಬೇಕು. ಆ ಮುಖಗಳ ಗುರುತು ಹೇಳಬಲ್ಲವರು ಮನೆಯಲ್ಲಿ ನೀವೊಬ್ಬರೇ ಇರಬಹುದು.

ತೆಗೆದದ್ದನ್ನು ಜೋಪಾನ ಮಾಡುವುದೂ ಕಲಿಯಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೊದ ಗುಣಮಟ್ಟ ಇಳಿಯುತ್ತದೆ. ಮುದ್ರಿಸುವ ಚಿತ್ರವಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಗೂಗಲ್ ಖಾತೆಯಲ್ಲಿ ಮೇಲ್, ಫೋಟೊ ಎಲ್ಲ ಸೇರಿ 15 ಜಿಬಿ ಜಾಗ ಉಚಿತ. ಒಂದು ಎಚ್ಚರ: ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ (ಅಂದರೆ ಆ ಜಾಗದಲ್ಲಿ ಪ್ರತಿ ಉಳಿದ) ಚಿತ್ರವನ್ನು ಅದೇ ಆ್ಯಪ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಫೋನಿನಲ್ಲಷ್ಟೇ ಜಾಗ ಬೇಕಿದ್ದರೆ 'ಫ್ರೀ ಅಪ್ ಸ್ಪೇಸ್' ಒತ್ತಿ. ಕೈತಪ್ಪಿ ಅಳಿಸಿದ್ದರೂ ಗಾಬರಿ ಬೇಡ, ಬ್ಯಾಕಪ್ ಆಗಿದ್ದ ಚಿತ್ರ 60 ದಿನ 'ಟ್ರ್ಯಾಶ್'ನಲ್ಲಿರುತ್ತದೆ. ಅಲ್ಲಿಂದ 'ರಿಸ್ಟೋರ್' ಮಾಡಿಕೊಳ್ಳಬಹುದು.